ಕಾಫಿಯನ್ನು ಬಿಟ್ಟುಬಿಡಿ, ಗೊರಕೆಯ ಬಗ್ಗೆ ಕೇಳಿ

ಹೃದಯದ ಲಯ ಸರಿಪಡಿಸುವ ಅಬ್ಲೇಷನ್ ಎಂಬ ಚಿಕಿತ್ಸೆ ಮಾಡಿಸಿಕೊಂಡ ಮೇಲೂ ಅಣ್ಣನಿಗೆ ಏಟ್ರಿಯಲ್ ಫಿಬ್ರಿಲೇಷನ್ (ಹೃದಯ ಲಯ ತಪ್ಪಿ ಅಡ್ಡಾದಿಡ್ಡಿ ಬಡಿಯುವ ಕಾಯಿಲೆ) ಮರಳಿದೆ ಎಂದು ತಿಳಿದು ಇಂದು ನೋಡಲು ಬಂದ ಬಂಧುವೊಬ್ಬರು, ಕುರ್ಚಿ ಎಳೆದು ಕೂರುವ ಮೊದಲೇ "ಹಾಗಾದರೆ ಆಪರೇಷನ್ ಫೇಲ್ ಆಯಿತು ಅನ್ನಿ" ಎಂದು ತೀರ್ಪು ಕೊಟ್ಟರು. ಕಾರಣವನ್ನೂ ಅವರೇ ಪತ್ತೆಹಚ್ಚಿದರು: ಕಾಫಿ ಮತ್ತು ಟೆನ್ಷನ್. ಗೋಡೆಯಾಚೆಗೂ ಕೇಳಿಸುವ ಅಣ್ಣನ ಗೊರಕೆಯ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ನನ್ನ ಸಿಟ್ಟನ್ನು ಬಲ್ಲ ನಿಮಗೆ ನಾನು ಆಗ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ ಎಂದರೆ ನಂಬುವುದು ಕಷ್ಟ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ, ಅಂದರೆ ಹೃದಯದ ಎಡಭಾಗದ ಮೇಲಿನ ಕೋಣೆಗೆ, ರಕ್ತ ತರುವ ನಾಳಗಳ ಬಾಯಿಯಲ್ಲೇ ಈ ಅಡ್ಡಾದಿಡ್ಡಿ ಬಡಿತದ ಕಿಡಿ ಹೆಚ್ಚಾಗಿ ಹೊತ್ತಿಕೊಳ್ಳುತ್ತದೆ ಎಂಬುದನ್ನು ಫ್ರಾನ್ಸಿನ ಬೋರ್ಡೋದ ವೈದ್ಯರು 1998ರಲ್ಲಿ ತೋರಿಸಿಕೊಟ್ಟರು. ಆ ನಾಳಗಳ ಸುತ್ತ ಗಾಯದ ಬೇಲಿಯೊಂದನ್ನು ಹಾಕಿ, ಅಲ್ಲಿನ ವಿದ್ಯುತ್ ಸಂಕೇತ ಹೃತ್ಕರ್ಣಕ್ಕೆ ದಾಟದಂತೆ ಮಾಡುವುದೇ ಅಬ್ಲೇಷನ್. ಬೇಲಿಯಲ್ಲಿ ಎಲ್ಲಾದರೂ ಸಂದು ಉಳಿದರೆ, ಅಥವಾ ಗಾಯ ಮಾಯುವಾಗ ಸಂಪರ್ಕ ಮತ್ತೆ ಕೂಡಿಕೊಂಡರೆ, ಕಾಯಿಲೆ ಮರಳುತ್ತದೆ. ಇದಲ್ಲದೆ ಮೊದಲ ಕೆಲವು ವಾರ ಉರಿಯೂತದಿಂದಲೇ ಬಡಿತ ತಪ್ಪಬಹುದಾದ್ದರಿಂದ, ಆ ಅವಧಿಯದನ್ನು ವೈದ್ಯರು ಸೋಲೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದೆ ಮೂರು ತಿಂಗಳೆಂದಿದ್ದ ಈ ವಿನಾಯಿತಿಯನ್ನು 2024ರ ತಜ್ಞರ ಒಮ್ಮತದ ದಾಖಲೆ ಎಂಟು ವಾರಕ್ಕೆ ಇಳಿಸಿತು. ಅದು ಕಳೆದ ಮೇಲೆ ಇಸಿಜಿಯಲ್ಲಿ ಮೂವತ್ತು ಸೆಕೆಂಡ್ ಲಯ ತಪ್ಪಿದ್ದು ದಾಖಲಾದರೂ ಅಧ್ಯಯನಗಳ ಲೆಕ್ಕದಲ್ಲಿ ಅದು ಮರುಕಳಿಕೆಯೇ. "ಫೇಲ್" ಎನ್ನುವವರಿಗೆ ಇದರಲ್ಲಿ ಯಾವುದೂ ಬೇಕಿಲ್ಲ.

ಆದರೆ ನನ್ನ ತಕರಾರು ಬೇಲಿಯದಲ್ಲ, ಬೇಲಿ ಹಾಕಿದ ನೆಲದ್ದು. ರಕ್ತದೊತ್ತಡ ಏರಿಯೇ ಇದ್ದರೆ, ತೂಕ ಇಳಿಯದಿದ್ದರೆ, ನಿದ್ರೆಯಲ್ಲಿ ಉಸಿರು ಕಟ್ಟಿ ಕಟ್ಟಿ ಬಿಡುತ್ತಿದ್ದರೆ (ಜೋರು ಗೊರಕೆ ಹೆಚ್ಚಾಗಿ ಇದರದೇ ಸುಳಿವು), ಎಡ ಹೃತ್ಕರ್ಣ ಹಿಗ್ಗುತ್ತ, ಅದರ ಗೋಡೆಯಲ್ಲಿ ನಾರು ಬೆಳೆಯುತ್ತ ಹೋಗುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್‌ನ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಬ್ಲೇಷನ್ ಆದ ಸ್ಥೂಲಕಾಯದವರ ಪೈಕಿ ಇವನ್ನೆಲ್ಲ ಶಿಸ್ತಾಗಿ ಹತೋಟಿಗೆ ತಂದುಕೊಂಡವರು ಉಳಿದವರಿಗಿಂತ ಬಹಳ ಹೆಚ್ಚು ಪ್ರಮಾಣದಲ್ಲಿ ಕಾಯಿಲೆಯಿಂದ ದೂರ ಉಳಿದರು. ಮರುವರ್ಷ ಅದೇ ತಂಡ, ದೇಹತೂಕದ ಶೇ. 10ರಷ್ಟಾದರೂ ಇಳಿಸಿಕೊಂಡವರಲ್ಲಿ ಲಯ ಸರಿಯಾಗಿ ಉಳಿಯುವ ಸಾಧ್ಯತೆ ಆರು ಪಟ್ಟು ಹೆಚ್ಚೆಂದು ವರದಿ ಮಾಡಿತು. ಇಳಿಸಿದ್ದನ್ನು ಮತ್ತೆ ಏರಿಸಿಕೊಂಡು, ಮತ್ತೆ ಇಳಿಸಿಕೊಂಡವರಿಗೆ ಆ ಲಾಭ ಪೂರ್ತಿಯಾಗಿ ದಕ್ಕಲಿಲ್ಲ. (ಈ ಸಾಲನ್ನು ಬರೆಯುವಾಗ ನನಗೂ ಸ್ವಲ್ಪ ಚುಚ್ಚಿತು, ನನ್ನ ಸೊಂಟದ ಚರಿತ್ರೆ ಗೊತ್ತಿರುವವರು ದಯವಿಟ್ಟು ಕಾಮೆಂಟ್ ಹಾಕಬೇಡಿ.)

ಮದ್ಯದ ಮಾತು ಬಂದರೆ ನಮ್ಮ ಸಲಹೆಗಾರರಿಗೆ ಇದ್ದಕ್ಕಿದ್ದಂತೆ ಸಂಕೋಚ ಹುಟ್ಟಿಕೊಳ್ಳುತ್ತದೆ. ನಿಯಮಿತವಾಗಿ ಕುಡಿಯುತ್ತಿದ್ದ 140 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕುಡಿತ ಮುಂದುವರಿಸಿದವರಲ್ಲಿ ಶೇ. 73 ಮಂದಿಗೆ ಕಾಯಿಲೆ ಮರುಕಳಿಸಿದರೆ, ಬಿಡಲು ಸೂಚಿಸಲಾಗಿದ್ದವರಲ್ಲಿ ಅದು ಶೇ. 53. ಇನ್ನು ಎಲ್ಲರೂ ಬೆರಳು ತೋರಿಸುವ ಕಾಫಿ! ವಿದ್ಯುತ್ ಶಾಕ್‌ನಿಂದ ಲಯ ಸರಿಪಡಿಸಿಕೊಳ್ಳಲಿದ್ದ 200 ಮಂದಿಯ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಫಿ ಬಿಡಿಸಿದ ಗುಂಪಿನಲ್ಲಿ ಶೇ. 64 ಮಂದಿಗೆ ಕಾಯಿಲೆ ಮರಳಿತು, ಕುಡಿಯಲು ಬಿಟ್ಟ ಗುಂಪಿನಲ್ಲಿ ಶೇ. 47 ಮಂದಿಗೆ ಮಾತ್ರ. ಒಂದೇ ಪ್ರಯೋಗ ನೆಚ್ಚಿ ಕಾಫಿಯನ್ನು ಮದ್ದೆನ್ನಲು ನಾನು ಸಿದ್ಧನಿಲ್ಲ. ಆದರೆ ಕಟಕಟೆಯಲ್ಲಿ ಅದನ್ನೊಂದನ್ನೇ ನಿಲ್ಲಿಸಿ, ಗೊರಕೆಯನ್ನು ಸಾಕ್ಷಿಗೂ ಕರೆಯದಿರುವ ಈ ವಿಚಾರಣೆ ನನಗೆ ಒಪ್ಪಿಗೆಯಿಲ್ಲ.

ಎಲ್ಲವನ್ನೂ ರೋಗಿಯ ತಲೆಗೇ ಕಟ್ಟುತ್ತೀರಾ ಎಂದು ಕೆಲವರು ಕೇಳಬಹುದು. ವಯಸ್ಸು, ವಂಶವಾಹಿ, ಕವಾಟದ ದೋಷ ಇವು ಯಾರ ಕೈಯಲ್ಲೂ ಇಲ್ಲ ಎಂಬುದು ನಿಜ. ಬಿಟ್ಟು ಬಿಟ್ಟು ಬರುವ ಕಾಯಿಲೆಗಿಂತ ವಾರ ಮೀರಿ ಬಿಡದೆ ಕೂರುವ ಕಾಯಿಲೆ ಅಬ್ಲೇಷನ್ ನಂತರವೂ ಹೆಚ್ಚು ಮರಳುತ್ತದೆ, ಪತ್ತೆಯಾದಂದಿನಿಂದ ಚಿಕಿತ್ಸೆಯವರೆಗಿನ ಅಂತರ ಬೆಳೆದಷ್ಟೂ ಫಲ ಕುಗ್ಗುತ್ತದೆ ಎಂಬುದೂ ನಿಜ. ಹಾಗಿದ್ದರೆ ಕೈಯಲ್ಲಿರುವಷ್ಟನ್ನಾದರೂ ಹಿಡಿದುಕೊಳ್ಳಬೇಕಲ್ಲವೇ? ನಿದ್ರೆಯ ಪರೀಕ್ಷೆ ಮಾಡಿಸಿ ಎನ್ನುವುದು ರೋಗಿಯನ್ನು ಬೈದಂತೆ ಹೇಗಾಗುತ್ತದೆ?

ನನ್ನನ್ನು ನಿಜವಾಗಿ ಕೆರಳಿಸಿದ್ದು ಹೊರಡುವಾಗ ಆ ಬಂಧು ಆಡಿದ ಮಾತು: "ಇನ್ನೊಮ್ಮೆ ಸುಟ್ಟರೆ ಸರಿಹೋಗುತ್ತದೆ, ಆಮೇಲೆ ಆ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಬಿಟ್ಟುಬಿಡಬಹುದು." ಆ ಮಾತ್ರೆ ಇರುವುದು ಪಾರ್ಶ್ವವಾಯುವನ್ನು ತಡೆಯಲು, ಲಯ ಸರಿಪಡಿಸಲು ಅಲ್ಲ, ಅದನ್ನು ಎಷ್ಟು ಕಾಲ ಮುಂದುವರಿಸಬೇಕು ಎಂಬುದನ್ನು ವೈದ್ಯರು ವಯಸ್ಸು, ರಕ್ತದೊತ್ತಡ, ಮಧುಮೇಹ, ಹಿಂದಿನ ಪಾರ್ಶ್ವವಾಯು ಮುಂತಾದವನ್ನು ತೂಗಿ ನಿರ್ಧರಿಸುತ್ತಾರೆಯೇ ಹೊರತು, ಅಬ್ಲೇಷನ್ ಗೆದ್ದಿತೋ ಸೋತಿತೋ ಎಂಬುದನ್ನಷ್ಟೇ ನೋಡಿ ಅಲ್ಲ. ಅವರು ಬಾಗಿಲು ದಾಟಿದ ಮೇಲೆ ಅಣ್ಣ "ಬಿಡಬಹುದೇನೋ?" ಎಂದು ಮೆಲ್ಲಗೆ ನನ್ನನ್ನೇ ಕೇಳಿದ. ಅಷ್ಟು ಹೊತ್ತು ಕಟ್ಟಿಟ್ಟಿದ್ದ ಸಿಟ್ಟೆಲ್ಲ ಪಾಪ ಅವನ ಮೇಲೆಯೇ ಹೋಯಿತು.