ಮೂಳೆ ಕೂಡಿದೆ ಸರಿ, ಸ್ಕ್ರೂ ತುದಿ ನೋಡಿದವರು ಯಾರು?

ಈಗಷ್ಟೇ ಒಂದು ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೈ ಉರಿಯುತ್ತಿದೆ. "ಮೂಳೆ ಚೆನ್ನಾಗಿ ಕೂಡಿದೆ" ಅಂತ ಷರಾ. ಕೂಡಿದೆ, ಒಪ್ಪೋಣ. ಆದರೆ ಮುರಿದ ಮೂಳೆ ಜೋಡಿಸಲು ಅಂಗೈ ಕಡೆಯಿಂದ ಲೋಹದ ಪ್ಲೇಟ್ ಹಾಕಿ ತಿರುಗಿಸಿದ ಎರಡು ಸ್ಕ್ರೂಗಳು ಹಿಂಬದಿಯಲ್ಲಿ ಮೂಳೆ ದಾಟಿ ನಿಂತಿವೆ. ಹೆಬ್ಬೆರಳು ಎತ್ತುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ) ಓಡಾಡುವುದು ಅಲ್ಲೇ. ದಿನವೂ ಉಜ್ಜಿ ಉಜ್ಜಿ, ಒಂದು ದಿನ ಪಟ್ಟನೆ ಕಡಿಯುತ್ತದೆ.

"ಪಕ್ಕದಿಂದ ಎಕ್ಸ್‌ರೇ ವ್ಯೂ ತೆಗೆದಿದ್ದೆವಲ್ಲ" ಅನ್ನುತ್ತಾರೆ ಆಪರೇಷನ್ ಮಾಡಿದವರು. ಸಾಲದು ಸ್ವಾಮಿ. ಮುಂಗೈಯಲ್ಲಿ ಹೆಬ್ಬೆರಳಿನ ಕಡೆ ಇರುವ ರೇಡಿಯಸ್ ಮೂಳೆಯ ಬೆನ್ನು ಸಪಾಟಲ್ಲ. ನಡುವೆ ಲಿಸ್ಟರ್ಸ್ ಟ್ಯೂಬರ್ಕಲ್ ಎಂಬ ಗುಬುಟು, ಅದರ ಎರಡೂ ಬದಿ ತಗ್ಗು. ತಗ್ಗಿನಲ್ಲಿ ಮೂತಿ ಹೊರಹಾಕಿದ ಸ್ಕ್ರೂ ಪಕ್ಕದಿಂದ ನೋಡಿದರೆ ಗುಬುಟಿನ ಮರೆಯಲ್ಲಿ ಒಳಗಿದ್ದಂತೆಯೇ ಕಾಣುತ್ತದೆ. ಮೊಣಕೈ ಮಡಚಿ, ಮುಂಗೈ ನೆಟ್ಟಗೆ ನಿಲ್ಲಿಸಿ, ಮಣಿಕಟ್ಟನ್ನು ಪೂರ್ತಿ ಬಗ್ಗಿಸಿ, ಮೂಳೆಯ ಬೆನ್ನಿನ ಗುಂಟ ಸಿ-ಆರ್ಮ್ (ಆಪರೇಷನ್ ಕೋಣೆಯ ಎಕ್ಸ್‌ರೇ ಯಂತ್ರ) ಕಿರಣ ಹಾಯಿಸಿ. ಸ್ಕೈಲೈನ್ ವ್ಯೂ ಅಂದರೆ ಇದೇ. ಗಾಯ ಹೊಲಿಯುವ ಮುಂಚೆ ಈ ಒಂದು ಚಿತ್ರ ತೆಗೆಯಲು ಏನು ಕಷ್ಟ?

ಉದ್ದದ ಸ್ಕ್ರೂ ಹಾಕಿದರೆ ಹಿಡಿತ ಜಾಸ್ತಿ ಅನ್ನುವ ನಂಬಿಕೆಯೂ ಬಿಡಬೇಕು. ಕೀಲಿಗೆ ತಾಗದ ಮುರಿತದಲ್ಲಿ, ಪ್ಲೇಟಿಗೇ ಬಿಗಿದು ನಿಲ್ಲುವ ಲಾಕಿಂಗ್ ಸ್ಕ್ರೂ ಮೂಳೆಯ ದಪ್ಪದ ಮುಕ್ಕಾಲು ಭಾಗ ತಲುಪಿದರೆ ಸಾಕು. ತೂತಿನ ಆಳ ಅಳೆಯುವ ಡೆಪ್ತ್ ಗೇಜ್ 22 ಮಿ.ಮೀ. ತೋರಿಸಿದರೆ 20ರದ್ದು ಹಾಕಿ. ಡ್ರಿಲ್ ಹಿಂಬದಿ ಪದರ ತೂತು ಮಾಡದಂತೆ ಕೈ ಬಿಗಿ ಹಿಡಿಯಿರಿ. ಕೆಲವೊಮ್ಮೆ ಟೆಂಡನ್‌ಗೆ ಗಾಯ ಮಾಡುವುದು ಸ್ಕ್ರೂ ಅಲ್ಲ, ಡ್ರಿಲ್ಲೇ.

ಅಂಗೈ ಕಡೆಯ ಕಥೆ ಬೇರೆ. ಅಲ್ಲಿ ವಾಟರ್‌ಶೆಡ್ ಗೆರೆ (ಮೂಳೆಯ ತುದಿಯ ಹತ್ತಿರದ ಉಬ್ಬು ಅಂಚು) ದಾಟಿ ಪ್ಲೇಟ್ ಕೂರಿಸಿದರೆ ಅದರ ಅಂಚು ಹೆಬ್ಬೆರಳು ಮಡಚುವ ಟೆಂಡನ್ ತಿನ್ನುತ್ತದೆ. "ಪ್ರೊನೇಟರ್ ಕ್ವಾಡ್ರೇಟಸ್ ಹೊಲಿದು ಮುಚ್ಚಿದ್ದೇವೆ" ಅನ್ನಬೇಡಿ. ಹೊಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಪ್ಲೇಟಿನ ಮೇಲೆ ಹೊದಿಸುವ ಆ ಸ್ನಾಯುವಿನ ಮಾಂಸ ಪ್ಲೇಟಿನ ತುದಿಯವರೆಗೆ ಬರುವುದೇ ಇಲ್ಲ. ಮುರಿದ ಚೂರು ತೀರಾ ಅಂಚಿನಲ್ಲಿದ್ದು ಪ್ಲೇಟನ್ನು ಅಲ್ಲೇ ಇಡಬೇಕಾಯಿತೇ? ಇಡಿ. ಮೂಳೆ ಕೂಡಿದ ಮೇಲೆ ತೆಗೆಯಬೇಕು ಅಂತ ಅವತ್ತೇ ರೋಗಿಗೆ ಹೇಳಿ, ಚೀಟಿಯಲ್ಲೂ ಬರೆಯಿರಿ.

ಫಾಲೋಅಪ್‌ಗೆ ಬಂದಾಗ ಎಕ್ಸ್‌ರೇ ಮಾತ್ರ ನೋಡಿ ಕಳಿಸಬೇಡಿ. ಅಂಗೈಯನ್ನು ಟೇಬಲ್ ಮೇಲೆ ಚಪ್ಪಟೆ ಇಡಿಸಿ, ಹೆಬ್ಬೆರಳು ಮಾತ್ರ ಮೇಲೆತ್ತಲು ಹೇಳಿ. ಆಮೇಲೆ ಅದರ ತುದಿ ಗೆಣ್ಣು ಮಡಚಿಸಿ, ಮಣಿಕಟ್ಟಿನ ಮೇಲೆ ನಿಮ್ಮ ಬೆರಳಿಟ್ಟು ನೋಡಿ. ಕರಕರ ಅಂದರೆ ಟೆಂಡನ್ ಇನ್ನೂ ಉಳಿದಿದೆ, ಪ್ಲೇಟ್ ತೆಗೆದು ಉಳಿಸಿಕೊಳ್ಳಬಹುದು. ಕಡಿದ ಮೇಲೆ ತೋರುಬೆರಳಿನದ್ದೋ ಉಂಗುರ ಬೆರಳಿನದ್ದೋ ಟೆಂಡನ್ ತಂದು ಜೋಡಿಸಬೇಕು.