ಭಾಷಣ ಸಾಕು, ಪಾಠ ಮಾಡಲು ಬಿಡಿ

ವಿಜಯಪುರದಲ್ಲಿ ಶಿಕ್ಷಕರ ಹುಮ್ಮಸ್ಸು ಹೆಚ್ಚಿಸುವ ಕಾರ್ಯಾಗಾರ ಮುಗಿಸಿ ಇಂಡಿ ಬಸ್ಸಿನಲ್ಲಿ ಕೂತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಮನಸ್ಸು ಮಾಡಿದರೆ ಏನು ಬೇಕಾದರೂ ಸಾಧಿಸಬಹುದು, ದೂರು ಹೇಳುವುದು ಬಿಡಿ ಎಂದು ಒಬ್ಬರು ತಾಸುಗಟ್ಟಲೆ ಮಾತಾಡಿದರು. ಕೇಳುತ್ತಲೇ ನಾವು ಎಷ್ಟೋ ಜನ ಮೊಬೈಲಿನಲ್ಲಿ ಸ್ಯಾಟ್ಸ್‌ಗೆ, ಅಂದರೆ ಮಕ್ಕಳ ವಿವರ ದಾಖಲಿಸುವ ಸರ್ಕಾರಿ ತಂತ್ರಾಂಶಕ್ಕೆ, ಮಾಹಿತಿ ತುಂಬುತ್ತಿದ್ದೆವು. ಸಂಜೆಯೊಳಗೆ ಕಳಿಸಿ ಅಂತ ಗ್ರೂಪಿನಲ್ಲಿ ಮೆಸೇಜ್ ಬಂದಿತ್ತು.

ನಮ್ಮ ಹುಮ್ಮಸ್ಸು ಕಡಿಮೆಯಾಗಿರುವುದು ನಿಜ. ಅದು ಭಾಷಣ ಕೇಳದೆ ಕಡಿಮೆಯಾದದ್ದಲ್ಲ. ಪಾಠಕ್ಕೆ ಹೊತ್ತು ಸಿಗದೆ ಕಡಿಮೆಯಾಯಿತು.

ಮಕ್ಕಳ ತಟ್ಟೆಗೆ ತತ್ತಿ ಬೀಳುವುದು ನನಗೆ ತುಂಬಾ ಖುಷಿ. ಆದರೆ ತತ್ತಿ ತರುವುದು, ಲೆಕ್ಕ ಬರೆಯುವುದು, ದರ ಏರಿದಾಗ ಕೈಯಿಂದ ದುಡ್ಡು ಹಾಕುವುದು ಶಿಕ್ಷಕರೇ ಯಾಕೆ? ಅದರ ಮೇಲೆ ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೆಲಸ. 2025ರಲ್ಲಿ ರಾಜ್ಯದ ಜಾತಿ ಸಮೀಕ್ಷೆಗೆ ಮನೆ ಮನೆ ತಿರುಗಿದೆವು. ಅದಕ್ಕಾಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು, ಹಿಂದೆಯೇ ದೀಪಾವಳಿ. ನಮ್ಮ ಕಡೆ ಕಬ್ಬು ಕಡಿಯಲು ಗುಳೆ ಹೋಗುವವರು ಗಂಟುಮೂಟೆ ಕಟ್ಟುವುದೂ ಅದೇ ಹೊತ್ತಿಗೆ. ಶಾಲೆ ತೆರೆದಾಗ ನನ್ನ ತರಗತಿಯ ಕೆಲವು ಮಕ್ಕಳು ಆಗಲೇ ಹೋಗಿಬಿಟ್ಟಿದ್ದರು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹೇಳುತ್ತದೆ ಅಲ್ವಾ?

ಸಂಬಳ ಚೆನ್ನಾಗಿದೆಯಲ್ಲ, ಇನ್ನೇನು ಬೇಕು ಅಂತ ನಮ್ಮ ಮಾವನವರೇ ಕೇಳುತ್ತಾರೆ. ಚೆನ್ನಾಗಿದೆ, ಒಪ್ಪುತ್ತೇನೆ. ಇಂಡೋನೇಷ್ಯಾದಲ್ಲಿ ಶಿಕ್ಷಕರ ಮೂಲ ವೇತನ ದುಪ್ಪಟ್ಟು ಮಾಡಿದರು. ಶಿಕ್ಷಕರು ಖುಷಿಪಟ್ಟರು, ಮಕ್ಕಳ ಕಲಿಕೆ ಮಾತ್ರ ಇದ್ದಲ್ಲೇ ಇತ್ತು ಅಂತ 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆಂಧ್ರದಲ್ಲಿ ಅಂಕ ನೋಡಿ ಬೋನಸ್ ಕೊಟ್ಟಾಗ ಕಲಿಕೆ ಏರಿತಲ್ಲ ಎನ್ನಬಹುದು. ಹೌದು, ಏರಿತು. ಆದರೆ ಅಲ್ಲಿ ನೋಡಿದ್ದು ಮಕ್ಕಳು ಮೊದಲಿಗಿಂತ ಎಷ್ಟು ಮುಂದೆ ಬಂದರು ಅಂತ. ನಮ್ಮಲ್ಲಿ ಗುಳೆ ಹೋಗಿ ಬಂದ ಮಗುವಿಗೂ ವರ್ಷವಿಡೀ ಕೂತ ಮಗುವಿಗೂ ಒಂದೇ ಅಳತೆ. ಕಲಿಕಾ ಮಟ್ಟ ಇಳಿದರೆ ಕೈಗೆ ನೋಟಿಸ್.

ಹೋದ ವರ್ಷ ನಮ್ಮ ಸಿಆರ್‌ಪಿ ಸರ್, ಅಂದರೆ ಸುತ್ತಲಿನ ಶಾಲೆಗಳಿಗೆ ಭೇಟಿ ಕೊಟ್ಟು ಶಿಕ್ಷಕರಿಗೆ ನೆರವಾಗಬೇಕಾದ ಸಂಪನ್ಮೂಲ ವ್ಯಕ್ತಿ, ಒಮ್ಮೆ ದಾಖಲೆ ಕೇಳದೆ ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತರು. ಐದನೇ ತರಗತಿ, ಭಿನ್ನರಾಶಿ ಪಾಠ. ಮುಗಿದ ಮೇಲೆ, "ಟೀಚರ್, ರೊಟ್ಟಿ ಮುರದು ತೋರ್ಸಿದ್ದು ಛಲೋ ಆತ್ರಿ. ಆದ್ರ ಆ ಹುಡುಗಿ ಎಂಟನೇ ಒಂದು ಭಾಗ ನಾಲ್ಕನೇ ಒಂದಕ್ಕಿಂತ ದೊಡ್ಡದು ಅಂತ ತಿಳಕೊಂಡಾಳ ನೋಡ್ರಿ" ಎಂದರು. ನನ್ನ ಪಾಠವನ್ನು ಒಬ್ಬರು ಪೂರ್ತಿ ನೋಡಿದ್ದರು! ಅವತ್ತು ರಾತ್ರಿ ಅಡುಗೆ ಮುಗಿಸಿ, ಆ ಹುಡುಗಿಗೆ ಭಾಗ ತೋರಿಸಲು ಕಾಗದದ ಪಟ್ಟಿ ಕತ್ತರಿಸುತ್ತಾ ಕೂತೆ. ಯಾರೂ ಹೇಳಿರಲಿಲ್ಲ.

ಇನ್ನು ಪಕ್ಕದ ಕೋಣೆಯ ಅತಿಥಿ ಶಿಕ್ಷಕಿ. ನನ್ನಷ್ಟೇ ಪಾಠ ಮಾಡುತ್ತಾಳೆ, ಕೆಲವು ದಿನ ಜಾಸ್ತಿ. 2025ರ ಬಜೆಟ್‌ನಲ್ಲಿ ಗೌರವಧನ 2,000 ರೂಪಾಯಿ ಏರಿತು, ಒಳ್ಳೆಯದು. ಆದರೆ ಅದು ಕೈಗೆ ಬರುವುದೇ ತಡ. ಮುಂದಿನ ವರ್ಷ ಇದೇ ಶಾಲೆ ಅನ್ನೋ ಖಾತ್ರಿಯೂ ಇಲ್ಲ. ಸಂಬಳ ನೆಟ್ಟಗೆ ಬರುವ ನಮ್ಮಂಥವರಿಗೆ ದುಡ್ಡೇ ಎಲ್ಲ ಅಲ್ಲ ಎನ್ನುವುದು ಸುಲಭ, ಆಕೆಗೆ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಆಕೆಗೆ ತಿಂಗಳು ತಿಂಗಳು ಗೌರವಧನ ಕೊಡಿ. ತತ್ತಿ ಲೆಕ್ಕಕ್ಕೆ ಬೇರೆಯವರನ್ನು ನೇಮಿಸಿ. ಸಿಆರ್‌ಪಿಗಳ ಕೈಯಲ್ಲಿರುವ ಕಡತ ಕಡಿಮೆ ಮಾಡಿ, ಅವರೂ ಬಂದು ತರಗತಿಯಲ್ಲಿ ಕೂರಲಿ.