ಒಬ್ಬರಿಗೆ ಒಂದೇ ಹಾಡು

‘ಪ್ರೀತಿ’ ಅನ್ನುವುದು ಪ್ಲೇಲಿಸ್ಟ್‌ಗೆ ಒಂದು ವಿಷಯವೇ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ‘ಮಳೆ’ ಕೂಡ ಅಷ್ಟೇ. ಆ ಹೆಸರಿನಲ್ಲಿ ಎಷ್ಟು ಹಾಡು ಬೇಕಾದರೂ ತುಂಬಬಹುದು. ನೂರು ಹಾಡು ಹಾಕಿದರೂ ಯಾರೂ ‘ಇದ್ಯಾಕೆ ಇಲ್ಲಿದೆ?’ ಅಂತ ಕೇಳುವುದಿಲ್ಲ. ಯಾರೂ ಕೇಳದ ಮೇಲೆ ನಾಲ್ಕು ಜನ ಸೇರಿ ಪಟ್ಟಿ ಮಾಡುವ ಅಗತ್ಯವಾದರೂ ಏನು? ಫೋನೇ ಮಾಡಿಕೊಡುತ್ತದೆ, ಅಲ್ವಾ?

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಗುಂಪಿದೆ. ಸರಸ್ವತಿಪುರಂನ ಒಬ್ಬರ ಮನೆಯಲ್ಲಿ ಬಿಡುವಾದಾಗ ಭಾನುವಾರ ಸಂಜೆ ಸೇರುತ್ತೇವೆ. ನಿವೃತ್ತಿಯಾದ ಒಬ್ಬರು ಮೇಷ್ಟ್ರಿದ್ದಾರೆ. ಮಂಡ್ಯದಿಂದ ರೈಲು ಹತ್ತಿ ಬರುವ ಒಬ್ಬರು ಅಕ್ಕ ಇದ್ದಾರೆ. ಸಾಫ್ಟ್‌ವೇರ್ ಕೆಲಸದ ಒಬ್ಬ ಹುಡುಗನಿದ್ದಾನೆ. ಇನ್ನೂ ಕೆಲವರು ಬಂದು ಹೋಗುತ್ತಾರೆ. ನಮಗೆ ಇರುವ ನಂಟು ಹಾಡಿನದು ಮಾತ್ರ. ಒಂದು ವಿಷಯ ಹಿಡಿಯುತ್ತೇವೆ, ಅದಕ್ಕೆ ಹೊಂದುವ ಹಾಡು ಹುಡುಕುತ್ತೇವೆ, ಒಟ್ಟಿಗೆ ಕೂತು ಕೇಳುತ್ತೇವೆ. ಸುಮ್ನೆ ಟೈಂ ಪಾಸ್ ಅಂತ ಅನ್ನಿಸಬಹುದು. ನನಗಂತೂ ಕನ್ನಡದ ಹಾಡುಗಳನ್ನು ಹೊಸದಾಗಿ ಕೇಳುವುದನ್ನು ಕಲಿಸಿದ್ದು ಇದೇ ಕೆಲಸ.

ನಮ್ಮ ಮೊದಲ ನಿಯಮ, ವಿಷಯ ಚಿಕ್ಕದಾಗಿರಬೇಕು. ಕಣ್ಣಿಗೆ ಕಾಣುವ ವಸ್ತುವಾದರೆ ಇನ್ನೂ ಒಳ್ಳೆಯದು. ಎರಡನೆಯದು, ಒಬ್ಬರಿಗೆ ಒಂದೇ ಹಾಡು. ಮೂರನೆಯದು, ಯಾಕೆ ಈ ಹಾಡು ಅಂತ ಬಾಯಿಬಿಟ್ಟು ಹೇಳಬೇಕು. ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ.

‘ದೋಣಿ’ ಅಂತ ಒಂದು ಸಲ ಹಿಡಿದುಕೊಂಡೆವು. ಎಲ್ಲರ ಬಾಯಿಗೂ ಮೊದಲು ಬಂದದ್ದು ‘ದೋಣಿ ಸಾಗಲಿ ಮುಂದೆ ಹೋಗಲಿ’. ಬರೆದವರು ಕುವೆಂಪು. 1965ರ ‘ಮಿಸ್ ಲೀಲಾವತಿ’ ಚಿತ್ರದ್ದು. ಸಂಗೀತ ಆರ್. ಸುದರ್ಶನಂ, ಹಾಡಿದವರು ಎಸ್. ಜಾನಕಿ ಮತ್ತು ರಾಮಚಂದ್ರ. ಇದರ ಬಗ್ಗೆ ಯಾರ ತಕರಾರೂ ಇರಲಿಲ್ಲ. ಮೇಷ್ಟ್ರು ‘ದೋಣಿಯೊಳಗೆ ನೀನು ಕರೆಯ ಮೇಲೆ ನಾನು’ ಅಂದರು. ಅದು ‘ಉಯ್ಯಾಲೆ’ ಚಿತ್ರದ್ದು, 1969ರದ್ದು. ಕಥೆ ಚದುರಂಗರ ಕಾದಂಬರಿ. ಚದುರಂಗರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ಅಂದರೆ ನಮ್ಮ ಜಿಲ್ಲೆಯವರೇ. ಮೊದಲನೆಯ ಹಾಡಿನಲ್ಲಿ ಇಬ್ಬರೂ ಒಂದೇ ದೋಣಿಯಲ್ಲಿ ಹೊರಟವರು. ಇಲ್ಲಿ ಒಬ್ಬರು ನೀರಿನ ಮೇಲೆ, ಒಬ್ಬರು ದಡದ ಮೇಲೆ. ಎರಡರಲ್ಲೂ ಜಾನಕಿಯವರ ದನಿ ಇದೆ. ಒಂದರ ಹಿಂದೆ ಒಂದು ಕೇಳಿ ನೋಡಿ. ಅದೇ ದನಿ ಮೊದಲನೆಯದರಲ್ಲಿ ಹೊರಡುವ ಖುಷಿ, ಎರಡನೆಯದರಲ್ಲಿ ದೂರವಾದ ನೋವು. ಬೇರೆ ಬೇರೆಯಾಗಿ ಎಷ್ಟೋ ಸಲ ಕೇಳಿದ್ದ ಹಾಡುಗಳಿವು. ಅಕ್ಕಪಕ್ಕ ಇಟ್ಟಾಗ ಮಾತ್ರ ನನಗೆ ಆ ವ್ಯತ್ಯಾಸ ಕಿವಿಗೆ ತಾಕಿತು.

ಆಮೇಲೆ ಶುರುವಾಯಿತು ಜಗಳ. ಒಬ್ಬರು ‘ನೀರ ಬಿಟ್ಟು ನೆಲದ ಮೇಲೆ ದೋಣಿ ಸಾಗದು’ ಹಾಕಿದರು. ಮಂಡ್ಯದ ಅಕ್ಕ ಒಪ್ಪಲಿಲ್ಲ.

“ಅದ್ರಲ್ಲಿ ದೋಣಿ ಎಲ್ಲೈತೆ? ಬರೀ ಮಾತಿಗೆ ತಂದವ್ರೆ ಕಣ್ರೀ. ನೀರೂ ಇಲ್ಲ, ದಡಾನೂ ಇಲ್ಲ.”

“ಹೆಸರು ಬಂದರೆ ಸಾಲದೇನಮ್ಮ?” ಅಂದರು ಮೇಷ್ಟ್ರು.

“ಸಾಲಕ್ಕಿಲ್ಲ ಸಾ. ಕೂತ್ಕೊಂಡು ಹೋಗೋ ಹಂಗಿರ್ಬೇಕು.”

ಅಕ್ಕ ಹೇಳಿದ್ದು ಸರಿ ಅಂತಲೇ ನಾನು ಈಗಲೂ ನಂಬಿದ್ದೇನೆ. ಹಾಡಿನಲ್ಲಿ ಪದ ಇದ್ದ ಮಾತ್ರಕ್ಕೆ ಅದು ಆ ವಿಷಯದ ಹಾಡಾಗುವುದಿಲ್ಲ. ಪದ ಹುಡುಕುವುದಕ್ಕೆ ಫೋನ್ ಸಾಕು. ಆದರೆ ಆ ಹಾಡು ಹಾಕಿದವರೂ ಸುಮ್ಮನಾಗಲಿಲ್ಲ. ದೋಣಿಗೆ ನೀರು ಬೇಕೇ ಬೇಕು ಅನ್ನುವುದನ್ನು ಆ ಹಾಡಿನಷ್ಟು ಚೆನ್ನಾಗಿ ಇನ್ಯಾವುದೂ ಹೇಳುವುದಿಲ್ಲ ಅಂತ ಅವರ ವಾದ. ಅದೂ ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಕೊನೆಗೆ ಹಾಡು ಪಟ್ಟಿಯಲ್ಲಿ ಉಳಿಯಿತು.

ಆಗ ನಾನು ‘ಯಾವ ಮೋಹನ ಮುರಳಿ ಕರೆಯಿತು’ ಅಂದೆ. ಗೋಪಾಲಕೃಷ್ಣ ಅಡಿಗರ ಕವಿತೆ. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ದಲ್ಲಿ ಮನೋಮೂರ್ತಿ ಸಂಗೀತದಲ್ಲಿ ಬಂತು. ನನ್ನ ಕಾರಣ ಇಷ್ಟೇ. ಅಲ್ಲಿ ದೂರದ ತೀರ ಇದೆ, ಕರೆ ಇದೆ, ಹೋಗುವ ಆಸೆ ಇದೆ. ದೋಣಿಯ ಮಾತಿಲ್ಲ. ಆದರೆ ದೋಣಿ ಇಲ್ಲದೆ ಆ ತೀರ ಮುಟ್ಟುವುದು ಹೇಗೆ? ಅಕ್ಕ ಸ್ವಲ್ಪ ಹೊತ್ತು ಯೋಚಿಸಿ “ಇದು ಬರ್ಲಿ” ಅಂದರು. ನಾಗತಿಹಳ್ಳಿ ನಾಗಮಂಗಲ ತಾಲ್ಲೂಕಿನದು. ತಮ್ಮ ಜಿಲ್ಲೆಯವರ ಸಿನಿಮಾ ಅನ್ನುವ ಅಭಿಮಾನವೂ ಅದರಲ್ಲಿ ಸೇರಿತ್ತು. ಇರಲಿ, ಅದೂ ಒಂದು ಕಾರಣವೇ.

ಹುಡುಗ ಈ ಕವಿತೆಯನ್ನು ಪೂರ್ತಿ ಕೇಳಿರಲಿಲ್ಲ. ‘ಸಪ್ತಸಾಗರದಾಚೆಯೆಲ್ಲೊ’ ಅನ್ನುವ ಸಾಲು ಬಂದಾಗ ಕೂತಲ್ಲೇ ನೆಟ್ಟಗಾದ. 2023ರಲ್ಲಿ ಅದೇ ಹೆಸರಿನ ಸಿನಿಮಾ ಬಂತಲ್ಲ, ಅವನು ಅದನ್ನು ಹಲವು ಸಲ ನೋಡಿದವನು. ಹೆಸರು ಅಡಿಗರ ಸಾಲಿನದು ಅಂತ ಅವನಿಗೆ ತಿಳಿದದ್ದು ಆ ಸಂಜೆ. ಆ ವಾರವೇ ಅಡಿಗರ ಪುಸ್ತಕ ಕೊಂಡ. ಅದೇ ದಿನ ಮೇಷ್ಟ್ರು ಅವನಿಂದ ಆ ಸಿನಿಮಾದ ಹಾಡುಗಳನ್ನು ಬರೆಸಿಕೊಂಡು ಹೋದರು, ಚರಣ್ ರಾಜ್ ಸಂಗೀತದವು. ಮುಂದಿನ ಸಲ ಬಂದಾಗ ಅವುಗಳ ಬಗ್ಗೆ ಅವರೇ ಜಾಸ್ತಿ ಮಾತಾಡಿದರು. ‘ಹಳೆಯದೇ ಚೆಂದ’, ‘ಈಗಿನವರಿಗೆ ಏನು ಗೊತ್ತು’ ಅನ್ನುವ ಮಾತು ನಮ್ಮಲ್ಲಿ ನಿಂತುಹೋಗಿದೆ. ವಿಷಯವೊಂದು ನಡುವೆ ಇದ್ದಾಗ ಹಾಡಿನ ವಯಸ್ಸು ಯಾರಿಗೂ ಮುಖ್ಯವಾಗುವುದಿಲ್ಲ. ಇದು ದೊಡ್ಡ ಲಾಭ ಅಂತ ನನ್ನ ನಂಬಿಕೆ.

ಆ ಸಿನಿಮಾ ಎರಡು ಭಾಗವಾಗಿ ಬಂತು, ‘ಸೈಡ್ ಎ’ ಮತ್ತು ‘ಸೈಡ್ ಬಿ’. ಹಾಗಾಗಿ ಕ್ಯಾಸೆಟ್ಟಿನ ಕಾಲ ನೋಡದ ಹುಡುಗನಿಗೂ ನಮ್ಮ ನಾಲ್ಕನೆಯ ನಿಯಮವನ್ನು ವಿವರಿಸಬೇಕಾಗಲಿಲ್ಲ. ಪಟ್ಟಿ ಅರವತ್ತು ನಿಮಿಷ ಮೀರಬಾರದು. ಒಂದು ಬದಿಗೆ ಮೂವತ್ತು ನಿಮಿಷ. ಹಳೆಯ ‘60’ ಕ್ಯಾಸೆಟ್ಟಿನ ಲೆಕ್ಕ ಅದು. ಆಗ ಅಂಗಡಿಗೆ ಖಾಲಿ ಕ್ಯಾಸೆಟ್ಟೂ ಹಾಡಿನ ಚೀಟಿಯೂ ಕೊಟ್ಟು ರೆಕಾರ್ಡ್ ಮಾಡಿಸುತ್ತಿದ್ದೆವು. ನಾಲ್ಕು ನಿಮಿಷದ ಹಾಡಾದರೆ ಒಂದು ಬದಿಗೆ ಏಳು ಹಿಡಿಯುತ್ತದೆ. ಎಂಟನೆಯದು ಬೇಕೆಂದರೆ ಯಾವುದೋ ಒಂದನ್ನು ಬಿಡಬೇಕು. ಬಿಡುವಾಗಲೇ ಗೊತ್ತಾಗುವುದು ಯಾವುದು ನಿಜವಾಗಿ ಬೇಕು ಅಂತ. ಈಗಿನ ಆ್ಯಪ್‌ಗಳಲ್ಲಿ ಪಟ್ಟಿಗೆ ಮುಕ್ತಾಯವೇ ಇಲ್ಲ. ಸೇರಿಸುತ್ತಾ ಹೋಗುತ್ತೇವೆ, ಕೇಳುವುದು ಮಾತ್ರ ಮೊದಲ ಹತ್ತು ಹಾಡು.

ಹಾಡುಗಳ ಅನುಕ್ರಮದ ಬಗ್ಗೆಯೂ ಒಂದು ಮಾತು. ಅರವತ್ತರ ದಶಕದ ಹಾಡಿನ ಪಕ್ಕದಲ್ಲೇ ಎರಡು ಸಾವಿರದ ಆಚೆಯ ಹಾಡು ಇಡಬೇಡಿ. ಹಳೆಯದರಲ್ಲಿ ದನಿ ಮುಂದೆ, ವಾದ್ಯ ಹಿಂದೆ. ಹೊಸದರಲ್ಲಿ ಎಲ್ಲವೂ ಜೋರು. ಪಿ.ಬಿ. ಶ್ರೀನಿವಾಸ್ ಅವರ ಮೆಲುದನಿ ಮುಗಿದ ಕೂಡಲೇ ಡ್ರಮ್ ಬಡಿದರೆ ಕಿವಿ ಬೆಚ್ಚುತ್ತದೆ. ಬೇಕೇ ಬೇಕೆಂದರೆ ನಡುವೆ ಒಂದು ಭಾವಗೀತೆ ಇಡಿ. ಮೈಸೂರು ಅನಂತಸ್ವಾಮಿಯವರದೋ ಸಿ. ಅಶ್ವತ್ಥ್ ಅವರದೋ. ಹಾರ್ಮೋನಿಯಂ, ತಬಲಾ, ಒಂದು ದನಿ. ಕಿವಿ ಆ ಕಾಲದಿಂದ ಈ ಕಾಲಕ್ಕೆ ಮೆಲ್ಲಗೆ ಬರುತ್ತದೆ.

ಇನ್ನು ನನಗೆ ನಿಜಕ್ಕೂ ಸಂಕಟ ಕೊಡುವ ಸಂಗತಿ. ಆ್ಯಪ್‌ಗಳಲ್ಲಿ ಹಳೆಯ ಹಾಡು ಹುಡುಕಿದರೆ ಎಷ್ಟೋ ಸಲ ಬರೆದವರ ಹೆಸರೇ ಎದುರಿಗೆ ಕಾಣುವುದಿಲ್ಲ. ಹಾಡು ಯಾವುದೋ ಹಿಟ್ಸ್ ಸಂಗ್ರಹದ ಒಳಗಿರುತ್ತದೆ. ಇಸವಿ ಆ ಸಂಗ್ರಹದ್ದು. 1969ರ ಹಾಡಿಗೆ ಎರಡು ಸಾವಿರದ ಆಚೆಯ ಇಸವಿ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಕಣಗಾಲ್ ಪ್ರಭಾಕರ ಶಾಸ್ತ್ರಿ. ಇವರ ಸಾಲುಗಳನ್ನು ನಾವು ದಿನಾ ಗುನುಗುತ್ತೇವೆ. ಹೊಸಬರಿಗೆ ಇವರ ಹೆಸರು ಸಿಗುವ ದಾರಿಯೇ ಮುಚ್ಚಿಹೋದರೆ ಹೇಗೆ?

ನಮಗೆ ಆ ಹೆಸರುಗಳನ್ನು ಕೊಟ್ಟದ್ದು ರೇಡಿಯೋ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ ಊರು ಇದು. ‘ಆಕಾಶವಾಣಿ’ ಅನ್ನುವ ಹೆಸರು ಹೊರಟದ್ದೂ ಅಲ್ಲಿಂದಲೇ. ಹಾಡಿಗೆ ಮುಂಚೆ ಉದ್ಘೋಷಕರು ನಿಧಾನವಾಗಿ ಹೇಳುತ್ತಿದ್ದರು. ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಅಮ್ಮನಿಗೂ ಅದು ಬಾಯಿಪಾಠ. ಅದಕ್ಕೇ ನಮ್ಮ ಗುಂಪಿನಲ್ಲಿ ಆ ನಾಲ್ಕನ್ನೂ ಹೇಳದೆ ಹಾಡು ಹಾಕುವಂತಿಲ್ಲ. ಗೊತ್ತಿಲ್ಲದಿದ್ದರೆ ಹುಡುಕಿಕೊಂಡು ಬರಬೇಕು. ಸಿನಿಮಾದ ಶುರುವಿನಲ್ಲಿ ಬರುವ ಹೆಸರುಗಳ ಪಟ್ಟಿ ನೋಡಿ, ಹಳೆಯ ರೆಕಾರ್ಡಿನ ಹೊದಿಕೆ ನೋಡಿ, ತಿಳಿದ ಹಿರಿಯರನ್ನು ಕೇಳಿ. ಈ ಹುಡುಕಾಟ ಸಣ್ಣ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ.

‘ಮೈಸೂರು’ ಅಂತಲೂ ಒಂದು ಪಟ್ಟಿಗೆ ಕೈಹಾಕಿದ್ದೆವು. ಅದು ಸರಿಯಾಗಿ ಕೂಡಿಬರಲಿಲ್ಲ. ಊರಿನ ಹೆಸರಿರುವ ಹಾಡು ಬೇಕೋ, ಊರಿನವರು ಮಾಡಿದ ಹಾಡು ಬೇಕೋ? ‘ಬಂಗಾರದ ಮನುಷ್ಯ’ದ ‘ಆಹಾ ಮೈಸೂರು ಮಲ್ಲಿಗೆ’ ಮೊದಲನೆಯದಕ್ಕೆ ಹೊಂದುತ್ತದೆ. ಶಿವರಾಂಪೇಟೆಯ ರಾಜನ್-ನಾಗೇಂದ್ರರ ಹಾಡುಗಳು ಎರಡನೆಯದಕ್ಕೆ. ಆದರೆ ಅವರ ಹಾಡು ಶುರು ಮಾಡಿದರೆ ‘ಎರಡು ಕನಸು’, ‘ಬಯಲು ದಾರಿ’, ‘ಗಾಳಿಮಾತು’ ಅಂತ ಅಲ್ಲಿಗೇ ಅರವತ್ತು ನಿಮಿಷ ತುಂಬಿಹೋಗುತ್ತದೆ. ಒಬ್ಬ ಸಂಗೀತ ನಿರ್ದೇಶಕರ ಹಾಡುಗಳನ್ನು ಒಟ್ಟು ಮಾಡಿದರೆ ಅದು ಸಂಗ್ರಹ. ಅದಕ್ಕೆ ಅದರದೇ ಬೆಲೆ ಇದೆ, ಆದರೆ ಅಲ್ಲಿ ಆಯ್ಕೆಯ ಆಟ ಕಡಿಮೆ. ನಾನು ಅದನ್ನು ಬೇರೆಯಾಗಿಯೇ ಇಡುತ್ತೇನೆ.

‘ಬೆಳಗು’ ಮಾತ್ರ ನಮ್ಮೆಲ್ಲರಿಗೂ ಅಚ್ಚುಮೆಚ್ಚಿನ ಪಟ್ಟಿ. ಬೇಂದ್ರೆಯವರ ‘ಮೂಡಲ ಮನೆಯಾ ಮುತ್ತಿನ ನೀರಿನ’ದಿಂದ ಶುರು. 1967ರ ‘ಬೆಳ್ಳಿಮೋಡ’ಕ್ಕೆ ಅದನ್ನು ಸಂಗೀತಕ್ಕೆ ಅಳವಡಿಸಿದವರು ವಿಜಯಭಾಸ್ಕರ್. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ, ಕಥೆ ನಮ್ಮ ಮೈಸೂರಿನ ತ್ರಿವೇಣಿಯವರದು. ನಂತರ ರಾಜ್‌ಕುಮಾರ್ ಅವರ ‘ಹೊಸ ಬೆಳಕು’ ಬಂತು. ಅಕ್ಕನ ಸರದಿ ಬಂದಾಗ ಅವರು ಫೋನ್ ಮುಟ್ಟಲೇ ಇಲ್ಲ. ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ‘ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ’ ಅಂತ ತಾವೇ ಎತ್ತಿಕೊಂಡರು. ಎಳ್ಳು ಜೀರಿಗೆ ಬೆಳೆಯುವ ಭೂಮಿತಾಯಿಯನ್ನು ಎದ್ದು ಒಂದು ಗಳಿಗೆ ನೆನೆಯುವ ಪದ. ಅವರ ಅತ್ತೆ ರಾಗಿ ಬೀಸುವಾಗ ಹೇಳುತ್ತಿದ್ದ ಧಾಟಿಯಂತೆ. ಸಾಲಿನ ಕೊನೆಯಲ್ಲಿ ದನಿ ಎಳೆದು, ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಬಲಗೈ ತಾನಾಗಿ ಒಂದು ಸುತ್ತು ತಿರುಗುತ್ತಿತ್ತು, ಬೀಸುವ ಕಲ್ಲಿನ ಗೂಟ ಹಿಡಿದ ಹಾಗೆ.

ಈ ತ್ರಿಪದಿಯನ್ನು ಆರ್ಕೆಸ್ಟ್ರಾ ಜೊತೆಗೆ ಹಾಡಿದ್ದು ಬೇಕಾದಷ್ಟು ಸಿಗುತ್ತದೆ. ಅಕ್ಕನ ಅತ್ತೆಯ ಧಾಟಿ ಎಲ್ಲೂ ಸಿಗುವುದಿಲ್ಲ. ಅದಕ್ಕೇ ಆ ಪಟ್ಟಿಯಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೇವೆ. ಕೇಳುವಾಗ ಅಲ್ಲಿಗೆ ಬಂದರೆ ಫೋನ್ ನಿಲ್ಲಿಸಬೇಕು, ಅಕ್ಕ ಹಾಡಬೇಕು. ಅವರು ಬಾರದ ದಿನ ಅವರ ಒಪ್ಪಿಗೆ ಪಡೆದು ನಾವೇ ಮಾಡಿಕೊಂಡ ರೆಕಾರ್ಡಿಂಗ್ ಹಾಕುತ್ತೇವೆ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಸೋಬಾನೆ ಪದ, ಮಂಟೇಸ್ವಾಮಿ, ಮಾದಪ್ಪನ ಪದ ಬಲ್ಲವರು ಇನ್ನೂ ಎಷ್ಟೋ ಮನೆಗಳಲ್ಲಿ ಇದ್ದಾರೆ. ಹಾಡಿನ ಪಟ್ಟಿ ಮಾಡುವ ಪ್ರತಿ ಗುಂಪೂ ಇಂಥ ಒಂದು ಜಾಗ ಬಿಡಲೇಬೇಕು ಅಂತ ನಾನು ಕೈಮುಗಿದು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಈ ವಾರವೇ ಕೂತು ಕೇಳಿ. ಫೋನನ್ನು ಹತ್ತಿರ ಇಡಿ, ಫ್ಯಾನ್ ಆರಿಸಿ, ಪೂರ್ತಿ ಪದ ಮುಗಿಯುವ ತನಕ ನಡುವೆ ಮಾತಾಡಬೇಡಿ. ಯಾವ ಊರು, ಯಾರಿಂದ ಕಲಿತದ್ದು, ಯಾವ ಕೆಲಸದ ಹೊತ್ತಿನ ಪದ, ಅದನ್ನೂ ಕೇಳಿ ಬರೆದಿಡಿ.

ನಮ್ಮ ಮುಂದಿನ ವಿಷಯ ‘ಕಾಗದ’. ಅಂಚೆಯಲ್ಲಿ ಬರುವ ಕಾಗದ, ಬರೆದು ಹರಿದ ಕಾಗದ, ಬಾರದೇ ಹೋದ ಕಾಗದ, ಯಾವುದಾದರೂ ಸರಿ. ನೀವೂ ಕೆಳಗೆ ಬರೆಯಿರಿ. ಒಬ್ಬರಿಗೆ ಒಂದೇ ಹಾಡು. ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು, ನಾಲ್ಕೂ ಇರಲಿ. ಯಾಕೆ ಆ ಹಾಡು ಅಂತ ಎರಡು ಸಾಲಾದರೂ ಬರೆಯಿರಿ. ಸಿನಿಮಾದ್ದೇ ಆಗಬೇಕಿಲ್ಲ, ಮನೆಯಲ್ಲಿ ಹಾಡುವ ಪದವಾದರೂ ಆಯಿತು. ಬೇರೆಯವರ ಹಾಡು ಹೊಂದುವುದಿಲ್ಲ ಅನ್ನಿಸಿದರೆ ಅದನ್ನೂ ಧಾರಾಳವಾಗಿ ಹೇಳಿ, ಕಾರಣ ಕೊಟ್ಟು ಹೇಳಿ. ಮೇಷ್ಟ್ರು, ಅಕ್ಕ ಇಬ್ಬರೂ ಓದುತ್ತಾರೆ.